ಹಿಂದಿನ ಗಾಲಿಗಳ ಕುಣಿತ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಮೋಟಾರಿನ ವಿಷಯಕ್ಕೇನು ಕೆಲಸವೆಂದು ಮಿತ್ರರು ಕೇಳಬಹುದು. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ವಿದ್ಯಾರ್ಥಿ. ಯಂತ್ರಶಾಸ್ತ್ರವನ್ನು ಕ್ರಮವಾಗಿ ಕಲಿತವನಲ್ಲ. ಆದರೆ ನಮ್ಮ ಮನೆಯ ಅನ್ನ ಬರುವುದು 2011ರ ಮಾದರಿಯ ಒಂದು ಅಂಬಾಸಡರ್ ಕಾರಿನ ಬಾಡಿಗೆಯಿಂದ. ಆ ಕಾರಿನ ಹಿಂದಿನ ಗಾಲಿಗಳು ಕುಣಿಯಲು ತೊಡಗಿ, ಕುಣಿದು ಕುಣಿದು ಕೊನೆಗೆ ಒಂದು ಆಕ್ಸಲ್ ಶಾಫ್ಟನ್ನೇ ಮುರಿದುವು. ತಪ್ಪನ್ನು ನಾವು ಹೊರಿಸಿದ್ದು ನನ್ನ ಅಣ್ಣನ ಮೇಲೆ. ಅದು ಸರಿಯೇ ಎಂದು ತಿಳಿಯಹೊರಟು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಿಂದ ಟಾರು ರಸ್ತೆಗೆ ಬರಬೇಕಾದರೆ ಜಲ್ಲಿ ಎದ್ದುಹೋದ ಒಂದು ಏರನ್ನು ಹತ್ತಬೇಕು. ಹೋದ ವರ್ಷ ಮಳೆಗಾಲ ಕಳೆದ ಮೇಲೆ, ಆ ಏರಿನಲ್ಲಿ ಮೊದಲನೆಯ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದೊಡನೆ ಕಾರಿನ ಹಿಂಭಾಗ ದಡದಡನೆ ನೆಲಕ್ಕೆ ಬಡಿಯಲಾರಂಭಿಸಿತು. ಹಿಂದೆ ಕುಳಿತವರ ಹಲ್ಲು ಕಟಕಟಿಸುವಷ್ಟು ಜೋರು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಟಯರು ಸವೆದಿದೆ, ಬದಲಾಯಿಸಿ ಎಂದರು. ಸಾಲ ಮಾಡಿ ಎರಡು ಹೊಸ ಟಯರು ಹಾಕಿಸಿದೆವು. ಆಶ್ಚರ್ಯವೆಂದರೆ, ಕುಣಿತ ಕಡಿಮೆಯಾಗುವ ಬದಲು ಇನ್ನೂ ಹೆಚ್ಚಾಯಿತು! ಎರಡು ವಾರದಲ್ಲಿ, ಒಂದು ಮದುವೆಯ ಬಾಡಿಗೆಯ ದಿನ, ಏರಿನ ನಡುವೆ ಟಪ್ಪೆಂದು ಶಬ್ದವಾಗಿ ಕಾರು ನಿಂತುಬಿಟ್ಟಿತು. ಗಾಲಿಗೆ ಕಲ್ಲು ಕೊಟ್ಟು, ವರನ ಕಡೆಯ ಹೆಂಗಸರು ರೇಷ್ಮೆ ಸೀರೆಯ ನಿರಿಗೆ ಎತ್ತಿಕೊಂಡು ಉಳಿದ ದಾರಿಯನ್ನು ನಡೆದೇ ಹತ್ತಿದರು. ಆ ಸಂಜೆ ಅಪ್ಪಯ್ಯ ಅಣ್ಣನಿಗೆ, "ನಿನಗೆ ಕಾಲಿನ ಹದವೇ ಇಲ್ಲ ಮಾರಾಯ, ಕೀ ಇಲ್ಲಿಡು" ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಮರುವಾರದಿಂದ ಅಣ್ಣ ಪಕ್ಕದ ಊರಿನ ಅಡಿಕೆ ತೋಟಕ್ಕೆ ಕೂಲಿಗೆ ಹೋದ.

ಗಾಲಿಯೇಕೆ ಕುಣಿಯುತ್ತದೆ? ಇದಕ್ಕೆ ಅತ್ಯಂತ ಸುಲಭವಾದ ಉದಾಹರಣೆ ನಮ್ಮ ತರಗತಿಯಲ್ಲೇ ಉಂಟು. ಸೀಮೆಸುಣ್ಣವನ್ನು ಕೊಂಚ ಮುಂದಕ್ಕೆ ಓರೆಯಾಗಿ ಹಿಡಿದು ಕರಿಹಲಗೆಯ ಮೇಲೆ ಒತ್ತಿ ತಳ್ಳಿದರೆ ಅದು ಟಕಟಕನೆ ಹಾರಿ, ಗೆರೆಯ ಬದಲು ಚುಕ್ಕಿಗಳ ಸಾಲನ್ನು ಬರೆಯುತ್ತದೆ. ಸುಣ್ಣದ ತುದಿ ಹಲಗೆಗೆ ಅಂಟಿ ನಿಂತಾಗ ಇರುವ ಘರ್ಷಣೆ ಹೆಚ್ಚು. ಒಮ್ಮೆ ಜಾರತೊಡಗಿದರೆ ಘರ್ಷಣೆ ಕಡಿಮೆ. ಅಂಟಿರುವಾಗ ಬೆರಳು ಬಾಗಿ ಬಲವನ್ನು ಕೂಡಿಟ್ಟುಕೊಳ್ಳುತ್ತದೆ, ಜಾರಿದೊಡನೆ ಅದನ್ನು ಬಿಟ್ಟುಬಿಡುತ್ತದೆ, ಮತ್ತೆ ಅಂಟುತ್ತದೆ. ಟಯರು ಸೀಮೆಸುಣ್ಣವಾದರೆ, ಕಾರಿನಲ್ಲಿ ಬೆರಳಿನ ಕೆಲಸ ಮಾಡುವುದು ಕಮಾನುಪಟ್ಟಿ.

ಅಂಬಾಸಡರಿನಂಥ ಕಾರಿನಲ್ಲಿ ಎಂಜಿನ್ನಿನ ಬಲ ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಹೌಸಿಂಗಿಗೆ ಬಂದು ಗಾಲಿಗಳನ್ನು ತಿರುಗಿಸುತ್ತದೆ. ಗಾಲಿಯನ್ನು ಮುಂದಕ್ಕೆ ತಿರುಗಿಸುವ ಬಲಕ್ಕೆ ಸಮನಾದ ಪ್ರತಿಬಲ ಹೌಸಿಂಗನ್ನು ಹಿಂದಕ್ಕೆ ತಿರುಚುತ್ತದೆ; ಅದರ ಮೂತಿ ಮೇಲಕ್ಕೆದ್ದು ನೋಡುತ್ತದೆ. ಅದನ್ನು ತಡೆಹಿಡಿಯಬೇಕಾದುದು ಎರಡು ಪಕ್ಕದ ಕಮಾನುಪಟ್ಟಿಗಳೇ. ಪಟ್ಟಿ ದುರ್ಬಲವಾಗಿದ್ದರೆ ಮುಂದಿನ ಅರ್ಧ ಮೇಲಕ್ಕೂ ಹಿಂದಿನ ಅರ್ಧ ಕೆಳಕ್ಕೂ ಬಾಗಿ ಹಾವಿನಂತೆ ಡೊಂಕಾಗುತ್ತದೆ. ಟಯರಿನ ಹಿಡಿತ ತಪ್ಪಿದಾಗ ಪಟ್ಟಿ ಥಟ್ಟನೆ ನೆಟ್ಟಗಾಗಿ ಹೌಸಿಂಗನ್ನು ಕೆಳಗೆ ಹೊಡೆಯುತ್ತದೆ. ಟಯರು ಮತ್ತೆ ಕಚ್ಚುತ್ತದೆ. ಇದು ಸೆಕೆಂಡಿಗೆ ಸುಮಾರು 10 ಸಲ ನಡೆಯುತ್ತದೆ. ಪ್ರತಿ ಸಲ ಟಯರು ಕಚ್ಚಿದಾಗಲೂ ಆಕ್ಸಲ್ ಶಾಫ್ಟಿಗೆ ಒಂದು ಸುತ್ತಿಗೆಯ ಪೆಟ್ಟು. ಹೊಸ ಟಯರಿನಿಂದ ಕುಣಿತ ಹೆಚ್ಚಾದ ಗುಟ್ಟೂ ಇದೇ: ಹಿಡಿತ ಹೆಚ್ಚಿದಷ್ಟೂ ಪಟ್ಟಿ ಹೆಚ್ಚು ಡೊಂಕಾಗಿ, ಪೆಟ್ಟೂ ಹೆಚ್ಚು ಬಲವಾಯಿತು. ರೋಗ ಕಾಣಿಸಿದ್ದು ಟಯರಿನಲ್ಲಿ, ಇದ್ದುದು ಬೇರೆ ಕಡೆ.

ಆದರೆ ಎಲ್ಲ ನಡುಕವೂ ಈ ಕುಣಿತವಲ್ಲ. ಗಾಲಿಯ ತೂಕ ಸಮತೋಲ ತಪ್ಪಿದ್ದರೆ ವೇಗದಲ್ಲಿ ನಡುಗುತ್ತದೆ, ಆಕ್ಸಲರೇಟರ್ ಬಿಟ್ಟರೂ ನಿಲ್ಲದು. ಕ್ಲಚ್ಚು ಕೆಟ್ಟಿದ್ದರೆ ಕ್ಲಚ್ಚು ಬಿಡುವ ಹೊತ್ತಿನಲ್ಲಿ ಮಾತ್ರ ಇಡೀ ಕಾರು ಹಿಂದುಮುಂದಾಗಿ ಜಗ್ಗುತ್ತದೆ. ಕ್ರಾಸ್ ಜಾಯಿಂಟು ಸವೆದಿದ್ದರೆ ಹೊರಡುವಾಗ ಒಂದೇ ಒಂದು 'ಠಣ್'. ಗಾಲಿಯ ಕುಣಿತವಾದರೋ ಬಲ ಕೊಟ್ಟಾಗ ಬಂದು, ಕಾಲು ಎತ್ತಿದೊಡನೆ ನಿಲ್ಲುತ್ತದೆ. ಟಾರಿನ ಮೇಲಾದರೆ ಕರಿಹಲಗೆಯ ಚುಕ್ಕಿಗಳಂತೆ ತುಂಡು ತುಂಡು ಕರಿಗುರುತು ಬಿಡುತ್ತದೆ.

ಹೊಸ ಶಾಫ್ಟು ಹಾಕಿಸಿದ ಮೇಲೆ ಒಂದು ಭಾನುವಾರ ಅಪ್ಪಯ್ಯನೇ ಕಾರನ್ನು ಏರಿನಲ್ಲಿ ಹತ್ತಿಸಿದರು. ನಾನು ದೂರ ನಿಂತು ಮೊಬೈಲಿನ ಕ್ಯಾಮರಾದಲ್ಲಿ ಹಿಂದಿನ ಗಾಲಿಯನ್ನು ನಿಧಾನಗತಿಯಲ್ಲಿ ಚಿತ್ರಿಸಿದೆ. ಅಣ್ಣನ ಕಾಲಿಲ್ಲದೆಯೂ ಗಾಲಿ ಕುಣಿಯಿತು! ಚಿತ್ರವನ್ನು ನೋಡಿದರೆ ಹೌಸಿಂಗಿನ ಮೂತಿ ಎರಡು ಬೆರಳಷ್ಟು ಏಳುತ್ತ ಬೀಳುತ್ತ ಇತ್ತು. ಅಪ್ಪಯ್ಯ ಅದನ್ನು ಮೂರು ಸಲ ನೋಡಿದರು, ಏನೂ ಹೇಳಲಿಲ್ಲ.

ಆಮೇಲೆ ಕಾರನ್ನು ಭದ್ರವಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ (ಜ್ಯಾಕೊಂದನ್ನೇ ನಂಬಿ ಕೆಳಗೆ ನುಸುಳುವುದು ಪ್ರಾಣಕ್ಕೆ ಅಪಾಯ) ಪರಿಚಯದ ಮಿಸ್ತ್ರಿಯೊಬ್ಬರೊಡನೆ ಒಂದೊಂದಾಗಿ ನೋಡಿದೆವು. ಪಟ್ಟಿಯನ್ನು ಹೌಸಿಂಗಿಗೆ ಬಿಗಿಯುವ ಯು-ಬೋಲ್ಟುಗಳ ಸುತ್ತ ಕೆಂಪು ತುಕ್ಕಿನ ಪುಡಿ; ಸಡಿಲವಾಗಿ ತಿಕ್ಕಾಡಿದ ಗುರುತು ಅದು. ಪಟ್ಟಿಯ ಮುಂದಿನ ಕಣ್ಣಿನ ಬುಷ್ಷನ್ನು ಹಾರೆಯಿಂದ ಮೀಟಿದರೆ ಧಾರಾಳವಾಗಿ ಅಲುಗಾಡುತ್ತಿತ್ತು. ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿತ್ತು. ಎಲ್ಲಕ್ಕಿಂತ ದೊಡ್ಡ ಸಂಗತಿ ತಿಳಿದದ್ದು ಪೇಟೆಯಲ್ಲಿದ್ದ ಇನ್ನೊಂದು ಅಂಬಾಸಡರಿನ ಪಟ್ಟಿಗಳನ್ನು ಎಣಿಸಿದಾಗ: ನಮ್ಮದರಲ್ಲಿ ಎರಡು ಪಕ್ಕಕ್ಕೂ ಒಂದೊಂದು ಪಟ್ಟಿ ಕಡಿಮೆ! ಸವಾರಿ ಮೆತ್ತಗಿರಲೆಂದು ಹಿಂದಿನ ಮಾಲೀಕರ ಕಾಲದಲ್ಲಿ ತೆಗೆಸಿದ್ದಿರಬೇಕು. ಬುಷ್ಷು ಬೋಲ್ಟುಗಳು ಗಟ್ಟಿಯಿರುವವರೆಗೆ ಅದು ಹೇಗೋ ನಡೆಯಿತು.

ಈ ತಪ್ಪನ್ನು ದೊಡ್ಡ ಕಂಪೆನಿಗಳೂ ಮಾಡಿವೆ ಎಂದು ಓದಿ ನನಗೆ ಸಮಾಧಾನವಾಯಿತು. ಅಮೆರಿಕದ ಷೆವರ್ಲೆಯವರು 1967ರ ಮಾದರಿಯಾಗಿ ಹೊರತಂದ ಕಮಾರೊ ಕಾರಿಗೆ ಹಿಂದೆ ಪಕ್ಕಕ್ಕೆ ಒಂದೇ ಒಂದು ಪಟ್ಟಿ. ಎಂಜಿನ್ನು ಬಲಿಷ್ಠವಾದಾಗ ಗಾಲಿಗಳು ಕುಣಿದುವು. 1968ರ ಮಾದರಿಯಲ್ಲಿ ಬಲಿಷ್ಠ ಎಂಜಿನ್ನಿನ ಕಾರುಗಳಿಗೆ ಹಲವು ಪಟ್ಟಿಗಳನ್ನು ಹಾಕಿ, ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಆಕ್ಸಲಿನ ಮುಂದೆ, ಮತ್ತೊಂದನ್ನು ಹಿಂದೆ ಇರಿಸಿದರು. ಈ ಉಪಾಯ ಬಹಳ ಸರಳ, ಬಹಳ ಚೆಂದ. ಹೌಸಿಂಗು ಹೇಗೆ ತಿರುಚಿಕೊಂಡರೂ ಒಂದು ಕುಗ್ಗಬೇಕು, ಇನ್ನೊಂದು ಹಿಗ್ಗಬೇಕು, ಎರಡೂ ಅಡ್ಡಿಮಾಡುತ್ತವೆ. ಕ್ರೈಸ್ಲರ್ ಕಂಪೆನಿಯವರು ಆಕ್ಸಲನ್ನು ಪಟ್ಟಿಯ ನಡುವಿಗಿಂತ ಮುಂದಕ್ಕೆ ಕೂರಿಸಿ, ಮುಂದಿನ ಭಾಗವನ್ನು ಗಿಡ್ಡವಾಗಿ, ಗಟ್ಟಿಯಾಗಿ ಮಾಡುತ್ತಿದ್ದರು. ಗಾಲಿಯ ನೂಕುಬಲವೆಲ್ಲ ಆ ಭಾಗದ ಮೂಲಕವೇ ಕಾರಿಗೆ ಮುಟ್ಟುವುದರಿಂದ ಅದೂ ತಕ್ಕ ಕ್ರಮವೇ. ಪಟ್ಟಿಗಳಿಲ್ಲದ ಈಗಿನ ಕಾರುಗಳೂ ಕುಣಿಯುತ್ತವೆ. 2009ರ ಮಾದರಿಯ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿನಲ್ಲಿ ಎಡಬಲದ ಶಾಫ್ಟುಗಳನ್ನು ಬೇರೆ ಬೇರೆ ದಪ್ಪಕ್ಕೆ ಮಾಡಿ, ಎರಡೂ ಒಂದೇ ತಾಳಕ್ಕೆ ಕುಣಿಯದಂತೆ ನೋಡಿಕೊಂಡರು.

ನಾವು ಹೊಸದೇನನ್ನೂ ಕೂಡಿಸಲಿಲ್ಲ, ಇರಬೇಕಾದುದನ್ನು ಇರಿಸಿದೆವು ಅಷ್ಟೆ. ಮೊದಲು ಬುಷ್ಷು ಮತ್ತು ಯು-ಬೋಲ್ಟು. ಖರ್ಚು ಕಡಿಮೆ, ಕುಣಿತ ಅರ್ಧ ಇಳಿಯಿತು. ಆಮೇಲೆ ಎರಡು ಪಟ್ಟಿ, ಜೋಡಿ ಶಾಕ್ ಅಬ್ಸಾರ್ಬರು. ಈಗ ಸುಮ್ಮನೆ ಹತ್ತಿದರೆ ಕುಣಿತವಿಲ್ಲ. ಬೇಕೆಂದೇ ಒತ್ತಿದರೆ ಒಂದೆರಡು ಸಲ ಬಡಿಯುತ್ತದೆ.

ಇಲ್ಲಿ ಅಣ್ಣನ ವಿಚಾರವನ್ನೂ ನ್ಯಾಯವಾಗಿ ಹೇಳಬೇಕು. ಅವನ ಕಾಲು ಪೂರ್ತಿ ನಿರ್ದೋಷಿಯಲ್ಲ. ಕುಣಿತ ಆರಂಭವಾದೊಡನೆ ಕಾಲನ್ನು ಎತ್ತಬೇಕು. ಅವನು ಏರು ದಾಟಿಬಿಡೋಣವೆಂದು ಇನ್ನಷ್ಟು ಒತ್ತುತ್ತಿದ್ದ. ಶಾಫ್ಟು ಮುರಿದದ್ದು ಆ ಒತ್ತಿಗೆ. ಆದರೆ ಕುಣಿಸಿದ್ದು ಅವನಲ್ಲ. ಈ ಎರಡನ್ನೂ ನಾನು ಬಿಡಿಸಿ ಹೇಳಿದಾಗ ಅವನು, "ಮೊದಲನೆಯದನ್ನು ಅಂದೇ ಹೇಳಿದ್ದರೆ ಕೇಳುತ್ತಿದ್ದೆ" ಎಂದ.

ಕೀ ಮತ್ತೆ ಅವನ ಕೈಗೆ ಬಂದಿದೆ. ಹೊಸ ಯು-ಬೋಲ್ಟುಗಳು ಸ್ವಲ್ಪ ಓಡಿದ ಮೇಲೆ ಕೂತು ಸಡಿಲವಾಗುವುದುಂಟು, ಮತ್ತೆ ಬಿಗಿಯಲೇಬೇಕು. ಮೊದಲ ಐನೂರು ಕಿಲೋಮೀಟರು ಮುಗಿದ ದಿನ ಅಪ್ಪಯ್ಯನೇ ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಹೋದರು. ಟಯರಿನ ಸಾಲದಲ್ಲಿ ಇನ್ನು ಮೂರು ಕಂತು ಉಳಿದಿದೆ.