ಕಾರ್ಫುವಿನ ಚಳಿಗಾಲಕ್ಕೆ ಹೊರಟವಳಿಗೆ

ಪುಟ್ಟಿ,

ಅಳಿಯಂದಿರ ಕೆಲಸ ಎಲ್ಲಿ ಕೂತರೂ ನಡೆಯುತ್ತದೆ, ಅದಕ್ಕೇ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಒಂದು ವರ್ಷ ಗ್ರೀಸಿನ ಕಡೆ ಹೋಗಿ ಇರುವ ಯೋಚನೆ ಮಾಡಿದ್ದೀರಿ ಅಂತ ನಿಮ್ಮಮ್ಮ ಹೇಳಿದಳು. ಅವಳಿಗೆ ದಿಗಿಲು. ನನಗಂತೂ ಸಂತೋಷವೇ. ನನ್ನ ಮಗನ ಸಂಸಾರ ಗ್ರೀಸಿನ ಕಾರ್ಫು ದ್ವೀಪದಲ್ಲಿದ್ದಾಗ ಮೊಮ್ಮಕ್ಕಳ ಜೊತೆ ನಾನೂ ಅಲ್ಲಿ ಒಂದು ಚಳಿಗಾಲ ಕಳೆದವಳು. ನಿನ್ನ ಹಾಗೇ ಹೊರಟಿರುವ ಬೇರೆ ತಾಯಂದಿರೂ ಓದಲಿ ಅಂತ ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನೀನು ಹಾಕಿಕೊಂಡ ಪಟ್ಟಿ ನೋಡಿದೆ. ಮೂರು ತಿಂಗಳು ಕಾರ್ಫು, ಆಮೇಲೆ ಕ್ರೀಟ್, ಆಮೇಲೆ ಸಿಸಿಲಿ, ಕೊನೆಗೆ ಮಾಲ್ಟಾ. ಅದನ್ನು ಕೈಬಿಡು ತಾಯಿ. ಒಂದೇ ದ್ವೀಪ, ಒಂದೇ ಮನೆ, ಒಂದೇ ಶಾಲೆ ಇಟ್ಟುಕೊ. ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಎಂಟು ವರ್ಷದ ಮಗುವಿಗೆ ಒಂದು ಊರಿನ ಬೀದಿನಾಯಿ, ಬೇಕರಿಯವಳು, ಬಸ್ಸಿನ ಡ್ರೈವರ್ ಪರಿಚಯವಾಗುವುದಕ್ಕೇ ಮೂರು ತಿಂಗಳು ಬೇಕು. ಪರಿಚಯವಾದ ಕೂಡಲೇ ಪೆಟ್ಟಿಗೆ ಕಟ್ಟು ಅಂದರೆ, ನಾಲ್ಕನೇ ಊರಿಗೆ ಬರುವ ಹೊತ್ತಿಗೆ ಆ ಮಗು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ.

ಕಾರ್ಫು ಅಂದಾಗಲೆಲ್ಲ ಇಂಗ್ಲಿಷ್ ಲೇಖಕ ಜೆರಾಲ್ಡ್ ಡರೆಲ್ ಹೆಸರು ಬಂದೇ ಬರುತ್ತದೆ. ಅವನ ಕುಟುಂಬಕ್ಕೂ ನಮ್ಮ ದೇಶಕ್ಕೂ ನಂಟು ಹಳೆಯದು. ತಾಯಿ ಲೂಯಿಸಾ ಹುಟ್ಟಿದ್ದು ರೂರ್ಕಿಯಲ್ಲಿ, ಜೆರಾಲ್ಡ್ 1925ರಲ್ಲಿ ಜಮ್‌ಶೆಡ್‌ಪುರದಲ್ಲಿ. ಎಂಜಿನಿಯರ್ ಆಗಿದ್ದ ಗಂಡ 1928ರಲ್ಲಿ ತೀರಿಕೊಂಡ ಮೇಲೆ ಆಕೆ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಒಗ್ಗಲಿಲ್ಲ. 1935ರಲ್ಲಿ ಎಲ್ಲರೂ ಕಾರ್ಫುವಿಗೆ ಬಂದರು, 1939ರಲ್ಲಿ ಯುದ್ಧದ ಕಾವು ತಟ್ಟುವವರೆಗೂ ಅಲ್ಲೇ ಇದ್ದರು. ಮನೆಗಳನ್ನು ಬದಲಿಸಿದರು, ದ್ವೀಪವನ್ನು ಬದಲಿಸಲಿಲ್ಲ.

ಆ ಹುಡುಗನಿಗೆ ಅಲ್ಲಿ ಸಿಕ್ಕ ದೊಡ್ಡ ಭಾಗ್ಯ ಕಡಲೂ ಅಲ್ಲ, ಬಿಸಿಲೂ ಅಲ್ಲ. ಥಿಯೊಡೋರ್ ಸ್ಟೆಫನಿಡಿಸ್ ಎಂಬ ಡಾಕ್ಟರು. ಅವರು ಹುಟ್ಟಿದ್ದೂ ನಮ್ಮ ಬೊಂಬಾಯಿಯಲ್ಲೇ, 1896ರಲ್ಲಿ. ಎಕ್ಸ್‌ರೇ ವೈದ್ಯರಾಗಿದ್ದ ಅವರಿಗೆ ಗಿಡಮರ, ನಕ್ಷತ್ರ, ಹೊಂಡದ ನೀರಿನ ಕಣ್ಣಿಗೆ ಕಾಣದ ಜೀವಿಗಳು, ಎಲ್ಲದರಲ್ಲೂ ಆಸಕ್ತಿ. ಹತ್ತು ವರ್ಷದ ಹುಡುಗನನ್ನು ಸಮಾನ ವಯಸ್ಕನಂತೆ ಕೂರಿಸಿಕೊಂಡು ಮಾತಾಡಿಸಿದರು, ಅವನ ಜೊತೆ ಹೊಂಡಗಳ ದಡದಲ್ಲಿ ಅಲೆದರು. ಮುಂದೆ ಅವನು 1959ರಲ್ಲಿ ಜೆರ್ಸಿ ದ್ವೀಪದಲ್ಲಿ ಅಳಿವಿನಂಚಿನ ಪ್ರಾಣಿಗಳಿಗಾಗಿಯೇ ಮೃಗಾಲಯ ಕಟ್ಟಿದ. ಅದರ ಬೇರು ಆ ಅಲೆದಾಟದಲ್ಲಿದೆ ಅಂತಲೇ ನಾನು ನಂಬಿದ್ದೇನೆ. ನಿನ್ನ ಮಕ್ಕಳಿಗೂ ಅಂಥ ಒಬ್ಬ ದೊಡ್ಡವರನ್ನು ಹುಡುಕಿಕೊಡು. ವಿದ್ವಾಂಸರೇ ಆಗಬೇಕೆಂದಿಲ್ಲ. ದೋಣಿ ರಿಪೇರಿ ಮಾಡುವವನಾಗಲಿ, ಜೇನು ಸಾಕುವ ಅಜ್ಜಿಯಾಗಲಿ, ವಾರಕ್ಕೊಂದು ಮಧ್ಯಾಹ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವಂಥವರು ಸಿಕ್ಕರೆ ಸಾಕು.

ಹಾಗಂತ ಡರೆಲ್ 1956ರಲ್ಲಿ ಬರೆದ ‘ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್’ ಪುಸ್ತಕವನ್ನು ನಂಬಿ ಸಂಸಾರದ ಲೆಕ್ಕ ಹಾಕಬೇಡ. ಅದರಲ್ಲಿ ದೊಡ್ಡಣ್ಣ ಲಾರೆನ್ಸ್ ಸದಾ ಮನೆಯಲ್ಲೇ ಇರುತ್ತಾನೆ. ನಿಜದಲ್ಲಿ ಅವನಿಗೆ ಮದುವೆಯಾಗಿತ್ತು, ಹೆಂಡತಿ ನ್ಯಾನ್ಸಿ ಜೊತೆ ಕಲಾಮಿ ಎಂಬ ಹಳ್ಳಿಯಲ್ಲಿ ಬೇರೆಯಾಗಿಯೂ ಸಂಸಾರ ಹೂಡಿದ್ದ. ಮಗ ಬರೆದದ್ದು ತನ್ನ ಬಾಲ್ಯದ ಸುಖವನ್ನು. ಪರದೇಶದಲ್ಲಿ ಗಂಡನಿಲ್ಲದೆ ದಿನ ದೂಡಿದ ಆ ತಾಯಿಯ ರಾತ್ರಿಗಳು ಅದರಲ್ಲಿ ಅಷ್ಟಾಗಿ ಇಲ್ಲ. ಓದುವಾಗ ನನಗೆ ಆಕೆಯದೇ ಯೋಚನೆ.

ಇನ್ನು ಕಾಗದಪತ್ರ. ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಲು ಸಾಧ್ಯ. ಗ್ರೀಸಿನಿಂದ ಇಟಲಿಗೆ ಹೋದರೂ, ಮಾಲ್ಟಾಕ್ಕೆ ಹೋದರೂ ಅದೇ ಲೆಕ್ಕ ಮುಂದುವರಿಯುತ್ತದೆ. ನಿನ್ನ ನಾಲ್ಕು ದ್ವೀಪಗಳ ಪಟ್ಟಿ ಅಲ್ಲೇ ಮುರಿದುಬೀಳುತ್ತದೆ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆಂದೇ ಗ್ರೀಸ್ 2021ರಲ್ಲಿ 12 ತಿಂಗಳ ಪ್ರತ್ಯೇಕ ವೀಸಾ ತಂದಿದೆ. ತೆರಿಗೆ ಕಳೆದು ತಿಂಗಳಿಗೆ 3,500 ಯೂರೋ ವರಮಾನ ತೋರಿಸಬೇಕು, ಹೆಂಡತಿಗೆ ಅದರ ಮೇಲೆ ನೂರಕ್ಕೆ 20, ಒಂದೊಂದು ಮಗುವಿಗೂ ನೂರಕ್ಕೆ 15. ನಿಮ್ಮ ನಾಲ್ವರಿಗೆ 5,250 ಯೂರೋ ಆಯಿತು. ಅರ್ಜಿ ಹಾಕುವ ಮುಂಚೆ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ವಿಚಾರಿಸಿಕೊಳ್ಳಿ. ಮಕ್ಕಳ ಲಸಿಕೆಯ ಕಾರ್ಡು, ಜನನ ಪ್ರಮಾಣಪತ್ರ ಮೂಲಪ್ರತಿಯೇ ಜೊತೆಯಲ್ಲಿರಲಿ.

ಮನೆ ಎಲ್ಲಿ ಮಾಡಬೇಕು? ಕಡಲಂಚಿನ ಪ್ರವಾಸಿ ಹಳ್ಳಿಗಳಲ್ಲಂತೂ ಬೇಡ. ಅಕ್ಟೋಬರ್ ಮುಗಿಯುತ್ತಿದ್ದಂತೆ ಅಲ್ಲಿನ ಹೋಟೆಲು, ಅಂಗಡಿ ಬಾಗಿಲು ಹಾಕುತ್ತವೆ, ಏಪ್ರಿಲ್ ಬರುವ ತನಕ ತೆರೆಯುವುದು ಅಪರೂಪ. ಪಟ್ಟಣದಲ್ಲೇ ನೋಡಿ, ಇಲ್ಲವೆ ವರ್ಷವಿಡೀ ಶಾಲೆ, ಬೇಕರಿ ನಡೆಯುವ ಒಳಗಿನ ಹಳ್ಳಿಯಲ್ಲಿ. ವೆನಿಸ್‌ನವರು ನಾಲ್ಕು ಶತಮಾನ, 1797ರವರೆಗೆ ಆಳಿದ ಊರು ಆ ಪಟ್ಟಣ. ಕಿರಿದಾದ ಓಣಿಗಳು, ಎತ್ತರದ ಮನೆಗಳು, ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಹಾಕಿದ ಹಗ್ಗ. ಹಳೆಯ ಪಟ್ಟಣ 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ದೊಡ್ಡಾಸ್ಪತ್ರೆ ಕೊಂಟೊಕಾಲಿಯಲ್ಲಿದೆ, ಪಟ್ಟಣಕ್ಕೆ ಹತ್ತಿರ.

ಮೆಡಿಟರೇನಿಯನ್ ಅಂದರೆ ಸದಾ ಬಿಸಿಲು ಅಂದುಕೊಂಡವರಿಗೆ ಅಲ್ಲಿನ ನವೆಂಬರ್ ಸರಿಯಾಗಿ ಪಾಠ ಕಲಿಸುತ್ತದೆ. ಗ್ರೀಸಿನಲ್ಲಿ ತುಂಬ ಮಳೆ ಬೀಳುವ ಕಡೆಗಳಲ್ಲಿ ಕಾರ್ಫುವೂ ಒಂದು, ಅಷ್ಟೊಂದು ಹಸಿರಾಗಿರುವುದೂ ಅದಕ್ಕೇ. ನಮ್ಮ ಸಾಗರ ಪಟ್ಟಣದ ಕಡೆಯ ಮಳೆಗಾಲದಲ್ಲಿ ಬೆಳೆದ ನಿನಗೆ ಅದು ಹೊಸದಲ್ಲ, ಆದರೆ ಅಲ್ಲಿ ಮಳೆಯ ಜೊತೆ ಚಳಿಯೂ ಇರುತ್ತದೆ. ಕಲ್ಲುಗೋಡೆ ತೇವ ಕುಡಿಯುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಶಾಲೆಯಲ್ಲಿ ಯೂನಿಫಾರ್ಮ್ ಇಲ್ಲದಿದ್ದರೂ ನಾಳೆಗೆ ಮಕ್ಕಳಿಗೆ ಒಣಗಿದ ಒಂದು ಪ್ಯಾಂಟು ಸಿಗುವುದಿಲ್ಲ. ಬೇಸಿಗೆಯ ಫೋಟೋ ನೋಡಿ ಬಾಡಿಗೆಗೆ ಒಪ್ಪಿಕೊಳ್ಳಬೇಡ. ಮನೆ ಬೆಚ್ಚಗಾಗುವುದು ಯಾವುದರಿಂದ, ಅದರ ಖರ್ಚು ಯಾರದು, ತೇವ ಹೀರುವ ಯಂತ್ರ ಇದೆಯೇ, ಇಷ್ಟನ್ನು ಮೊದಲೇ ಬಾಯಿಬಿಟ್ಟು ಕೇಳು.

ಆದರೂ ಚಳಿಗಾಲವನ್ನು ಬಿಡಬೇಡ. ಮಕ್ಕಳಿಗೆ ಆ ಊರು ತನ್ನ ಮನೆಬಾಗಿಲು ತೆರೆಯುವುದು ಆಗಲೇ. ಬೇಸಿಗೆಯಲ್ಲಿ ಪ್ರವಾಸಿಗರಿಂದಾಗಿ ಊರಿನವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ, ಚಳಿಗಾಲದಲ್ಲಿ ಆಲಿವ್ ಕೊಯ್ಲು. ಅಲ್ಲಿಯ ಆಲಿವ್ ಮರಗಳು ಬೇರೆ ಕಡೆಯ ಹಾಗೆ ಕುಳ್ಳಗಿಲ್ಲ, ವೆನಿಸ್‌ನವರು ಹಣ ಕೊಟ್ಟು ನೆಡಿಸಿದ ತೋಪುಗಳು, ಬುಡ ಗಂಟುಗಂಟಾಗಿ ತಿರುಚಿಕೊಂಡು ಮೇಲೆ ಕಾಡಿನ ಹಾಗೆ ಬೆಳೆದಿವೆ. ಬುಡದಲ್ಲೆಲ್ಲ ಕರಿಯ ಬಲೆ ಹಾಸಿರುತ್ತಾರೆ. ಗಾಳಿ ಬೀಸಿದರೆ ಕಾಯಿ ತಾನಾಗಿ ಟಪಟಪ ಉದುರುತ್ತದೆ. ನಾವಿದ್ದ ಮನೆಯ ಒಡತಿ ನನ್ನ ಮೊಮ್ಮಕ್ಕಳನ್ನು ಬಲೆ ಎತ್ತಲು ಕರೆದಳು. ಬಲೆಯ ಒಂದು ಅಂಚು ಹಿಡಿದು ಮೆಲ್ಲಗೆ ಎತ್ತಿದರೆ ಕಾಯೆಲ್ಲ ನಡುವಿಗೆ ಉರುಳಿ ಗುಡ್ಡೆಯಾಗುತ್ತದೆ. ಎಲೆ, ಕಡ್ಡಿ ಆರಿಸಿ ಚೀಲಕ್ಕೆ ತುಂಬಬೇಕು. ಸಂಜೆಯ ಹೊತ್ತಿಗೆ ಉಗುರಿನ ಸಂದಿಯೆಲ್ಲ ನೇರಳೆ ಬಣ್ಣ. ಗಾಣದಲ್ಲಿ ಆಗತಾನೆ ಹಿಂಡಿದ ಎಣ್ಣೆಯನ್ನು ಸುಟ್ಟ ಬ್ರೆಡ್ಡಿನ ಮೇಲೆ ಸುರಿದು, ಉಪ್ಪು ಉದುರಿಸಿ ಕೊಟ್ಟರು. ಹಸಿರು ಬಣ್ಣ, ಕಹಿ, ನುಂಗಿದ ಮೇಲೆ ಗಂಟಲು ಕೆರೆದು ಕೆಮ್ಮು ಬಂತು. ಚಿಕ್ಕವನು ಕೆಮ್ಮುತ್ತಲೇ ಇನ್ನೊಂದು ತುಂಡಿಗೆ ಕೈ ಚಾಚಿದ.

ಶಾಲೆಯ ವಿಷಯಕ್ಕೆ ನಿಮ್ಮಿಬ್ಬರಲ್ಲಿ ಜಗಳವಾಗಿದೆಯಂತೆ. ಮನೆಪಾಠ ಸಾಕು ಅನ್ನುತ್ತಾರಂತೆ ಅಳಿಯಂದಿರು. ನಾನು ನಿನ್ನ ಕಡೆ. ಅಲ್ಲಿ ನಾಲ್ಕು ವರ್ಷದಿಂದ ಹದಿನೈದರವರೆಗೆ ಕಡ್ಡಾಯ ಶಿಕ್ಷಣ, ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ, ಪುಸ್ತಕವೂ ಉಚಿತ. ಪಾಠ ಗ್ರೀಕಿನಲ್ಲಿ. ಮೊದಲ ಎರಡು ತಿಂಗಳು ಮಕ್ಕಳು ಮೂಕರಾಗಿ ಕೂರುತ್ತಾರೆ, ಮನೆಗೆ ಬಂದು ಅಳುತ್ತಾರೆ. ಆಗ ನೀನು ಕರಗಿ ಶಾಲೆ ಬಿಡಿಸಬೇಡ. ಆಟದ ಬಯಲು ಅವರಿಗೆ ಭಾಷೆ ಕಲಿಸುತ್ತದೆ. ಕಾರ್ಫುವಿನಲ್ಲಿ ಕ್ರಿಕೆಟ್ ಇದೆ ಅಂದರೆ ನಿನ್ನ ದೊಡ್ಡವನು ಕುಣಿದಾಡುತ್ತಾನೆ. 1864ರ ತನಕ ದ್ವೀಪ ಬ್ರಿಟಿಷರ ರಕ್ಷಣೆಯಲ್ಲಿತ್ತು. ಪಟ್ಟಣದ ಸ್ಪಿಯನಾದಾ ಮೈದಾನದಲ್ಲಿ ಅವರು ಆಡಿದ ಆಟವನ್ನು ಊರಿನವರು ಉಳಿಸಿಕೊಂಡರು. ಗ್ರೀಸಿನ ಕ್ರಿಕೆಟ್ ಒಕ್ಕೂಟದ ನೆಲೆ ಇರುವುದೂ ಈ ದ್ವೀಪದಲ್ಲೇ.

ವಾದ್ಯದ ತಂಡಗಳನ್ನೂ ಮರೆಯಬೇಡ. ಹಳೆಯ ಫಿಲ್‌ಹಾರ್ಮೋನಿಕ್ ಸಂಘ 1840ರದು. ಹಳ್ಳಿಹಳ್ಳಿಗಳಲ್ಲೂ ಅಂಥ ಸಂಘಗಳಿವೆ, ಮಕ್ಕಳಿಗೆ ಪುಕ್ಕಟೆಯಾಗಿ ಕಹಳೆ, ಕ್ಲಾರಿನೆಟ್ ಕಲಿಸುತ್ತವೆ. ಈಸ್ಟರ್‌ನ ಶುಭ ಶುಕ್ರವಾರ ಅವು ಬೀದಿಬೀದಿಗಳಲ್ಲಿ ಶೋಕಗೀತೆ ನುಡಿಸುತ್ತ ಸಾಗುತ್ತವೆ. ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಬಾಲ್ಕನಿಗಳಿಂದ ನೀರು ತುಂಬಿದ ಮಣ್ಣಿನ ಮಡಕೆಗಳನ್ನು ಬೀದಿಗೆಸೆದು ಒಡೆಯುತ್ತಾರೆ. ಮಕ್ಕಳನ್ನು ಓಣಿಯೊಳಗೆ ನಿಲ್ಲಿಸಬೇಡ, ಮೈದಾನದ ಕಡೆಯಿಂದ ದೂರ ನಿಂತು ತೋರಿಸು.

ಊಟದ ಚಿಂತೆ ನಿಮ್ಮಮ್ಮನದು. ಸಸ್ಯಾಹಾರಿಗೆ ಗ್ರೀಸ್ ಕಷ್ಟವಲ್ಲ. ಈಸ್ಟರ್‌ಗೆ ಮುಂಚಿನ ಏಳು ವಾರದ ಉಪವಾಸದಲ್ಲಿ ಜನ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಬೇಕರಿ, ಖಾನಾವಳಿಯಲ್ಲೆಲ್ಲ ಆ ಅಡುಗೆ ಸಿಗುತ್ತದೆ. ಆದರೆ ಸ್ಕ್ವಿಡ್, ಸಿಗಡಿ ಆ ವ್ರತಕ್ಕೆ ನಡೆಯುತ್ತವೆ, ಕೇಳಿ ತೆಗೆದುಕೊ. ಮಸೂರದ ಸಾರು, ದೊಡ್ಡ ಅವರೆಯಂಥ ಬಿಳಿ ಕಾಳು, ಬೇಯಿಸಿ ನಿಂಬೆ ಹಿಂಡಿದ ಕಾಡುಸೊಪ್ಪು, ಇವು ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಹುಣಸೆಹಣ್ಣು, ಸಾರಿನಪುಡಿ ಮಾತ್ರ ಇಲ್ಲಿಂದಲೇ ಒಯ್ಯಿ.

ಕೊನೆಗೆ ನಿನ್ನ ಮಾತು. ಅಳಿಯಂದಿರಿಗೆ ಕೆಲಸ, ಮಕ್ಕಳಿಗೆ ಶಾಲೆ. ಮಳೆ ಹಿಡಿದ ಜನವರಿಯ ಮಧ್ಯಾಹ್ನ, ಊರೆಲ್ಲ ಬಾಗಿಲು ಹಾಕಿ ಮಲಗಿರುವಾಗ, ನೀನೊಬ್ಬಳೇ. ಆ ಹೊತ್ತಿಗೆ ನಿನ್ನದೇ ಒಂದು ಕೆಲಸ ಇರಲೇಬೇಕು. ಗ್ರೀಕ್ ಕಲಿಯುವುದಾಗಲಿ, ಅರ್ಧಕ್ಕೆ ನಿಂತ ನಿನ್ನ ಚಿತ್ರಕಲೆಯಾಗಲಿ. ಮಕ್ಕಳಿಗಾಗಿ ಬಂದೆ ಅಂತ ಹೇಳಿಕೊಂಡು ನಿನ್ನ ಬೇಸರದ ಭಾರವನ್ನು ಅವರ ತಲೆಗೆ ಹೊರಿಸಬೇಡ.

ಅಲ್ಲಿ ಶಾಲೆ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ, ಅದಕ್ಕೆ ಎರಡು ವಾರ ಮುಂಚೆ ತಲುಪಿಕೊಳ್ಳಿ. ವರ್ಷ ಮುಗಿಯುವುದು ಜೂನ್‌ನಲ್ಲಿ. ನಮ್ಮಲ್ಲಿ ಅಷ್ಟೊತ್ತಿಗೆ ತರಗತಿ ಆರಂಭವಾಗಿರುತ್ತದೆ. ಸೀಟು ಉಳಿಸಿಕೊಡುತ್ತಾರೋ, ತಡವಾಗಿ ಬಂದರೆ ಸೇರಿಸಿಕೊಳ್ಳುತ್ತಾರೋ ಅಂತ ಬೆಂಗಳೂರಿನ ಶಾಲೆಯವರನ್ನು ಈ ವಾರವೇ ಕೇಳಿ ಬರವಣಿಗೆಯಲ್ಲಿ ತೆಗೆದುಕೊ. ವೀಸಾದ ಅರ್ಜಿ ಅದಾದ ಮೇಲೆ.

ಇಂತಿ,
ನಿನ್ನ ದೊಡ್ಡಮ್ಮ