ಎರಡು ಕೀಲಿ ಒತ್ತಿದರೆ ಇಡೀ ಸಾಲು: ಆಟೊಹಾಟ್‌ಕೀ ಮೊದಲ ಪಾಠ

'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' – ಅರ್ಜಿ ಬರೆದುಕೊಡುವವರು, ವಕೀಲರ ಕಚೇರಿಯ ಟೈಪಿಸ್ಟರು, ಶಾಲೆಯ ಗುಮಾಸ್ತರು ಈ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಾರೆ. ಈ ಕೆಲಸವನ್ನು ಕಂಪ್ಯೂಟರಿಗೇ ವಹಿಸಲು ವಿಂಡೋಸ್‌ನಲ್ಲಿ ಆಟೊಹಾಟ್‌ಕೀ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಪ್ರೋಗ್ರಾಮಿಂಗ್ ಗಂಧವೇ ಇಲ್ಲದವರು ಸ್ಕ್ರಿಪ್ಟ್ ಕಲಿಯುವುದಾದರೆ ಇಲ್ಲಿಂದಲೇ ಶುರು ಮಾಡಲಿ ಎನ್ನುತ್ತೇನೆ. ಬರೆದ ಮೊದಲ ಸಾಲೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ, 2ನೇ ಆವೃತ್ತಿಯನ್ನೇ ಹಾಕಿಕೊಳ್ಳಿ. ಅದು ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಉದಾಹರಣೆಗಳ ವ್ಯಾಕರಣ ಬೇರೆ, ಹಾಗೇ ನಕಲು ಮಾಡಿದರೆ ಎಷ್ಟೋ ಸಲ ದೋಷ ತೋರಿಸುತ್ತದೆ. ಕಚೇರಿಯ ಕಂಪ್ಯೂಟರ್ ಆಗಿದ್ದರೆ ಮೊದಲು ಅನುಮತಿ ಕೇಳಿ.

ನೋಟ್‌ಪ್ಯಾಡ್ ತೆರೆದು ಈ ಸಾಲು ಬರೆಯಿರಿ:

::@1::ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ

ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ, ಕಡತದ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಎ, ಎಚ್, ಕೆ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ. ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಇಲ್ಲವಾದರೆ ಕನ್ನಡ ಅಕ್ಷರಗಳು ಕೆಡುತ್ತವೆ. ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗಡಿಯಾರದ ಬಳಿ ಹಸಿರು ಚಿಹ್ನೆ ಕಾಣಿಸುತ್ತದೆ. ಈಗ ವರ್ಡ್‌ನಲ್ಲಿ @1 ಎಂದು ಹೊಡೆದು ಸ್ಪೇಸ್ ಒತ್ತಿ. ಸಾಲು ಪೂರ್ತಿ ಮೂಡುತ್ತದೆ.

ಮೊದಲ ಜೋಡಿ ಕೋಲನ್ 'ಇಲ್ಲಿಂದ ಸಂಕೇತ' ಎನ್ನುತ್ತದೆ, ಎರಡನೆಯದು 'ಇದರ ಬದಲಿಗೆ ಮುಂದಿನದನ್ನು ಹಾಕು' ಎನ್ನುತ್ತದೆ. ಸಂಕೇತದ ಹಿಂದೆ ಅಕ್ಷರವೋ ಅಂಕಿಯೋ ಅಂಟಿಕೊಂಡಿದ್ದರೆ ಬದಲಾವಣೆ ಆಗುವುದಿಲ್ಲ, ಹಾಗಾಗಿ ಇಮೇಲ್ ವಿಳಾಸಗಳಿಗೆ ತೊಂದರೆಯಿಲ್ಲ. ಕನ್ನಡ ಕೀಲಿಮಣೆಯಲ್ಲಿ @ ಬಾರದಿದ್ದರೆ ಸುಲಭವಾಗಿ ಬರುವ ಬೇರೆ ಚಿಹ್ನೆ ಇಟ್ಟುಕೊಳ್ಳಿ. ಸ್ಪೇಸ್ ಒತ್ತುವುದೂ ಬೇಡ ಎನ್ನುವವರು ಮೊದಲೆರಡು ಕೋಲನ್‌ಗಳ ನಡುವೆ ನಕ್ಷತ್ರ ಹಾಕಬಹುದು: :*:@1::. ಆಗ @12 ಎಂಬ ಇನ್ನೊಂದು ಸಂಕೇತ ಇರಬಾರದು. 1 ಒತ್ತಿದೊಡನೆಯೇ ಮೊದಲನೆಯದು ಓಡಿಬಿಡುತ್ತದೆ.

ಹಲವು ಸಾಲುಗಳ ವಿಳಾಸಕ್ಕೆ ಕಂಸ ಬಳಸಿ. ತೆರೆಯುವ ಕಂಸ, ಮುಚ್ಚುವ ಕಂಸ ಎರಡೂ ತಂತಮ್ಮ ಸಾಲಿನಲ್ಲಿರಬೇಕು:

::@2::
(
ಇವರಿಗೆ,
ಮಾನ್ಯ ತಹಶೀಲ್ದಾರರು,
ತಾಲ್ಲೂಕು ಕಚೇರಿ
)

ನಮ್ಮ ವಿಳಾಸಗಳಲ್ಲಿ ಮನೆ ಸಂಖ್ಯೆಯ ಹಿಂದೆ # ಹಾಕುವ ರೂಢಿಯಿದೆ. ಒಂದೇ ಸಾಲಿನ ಸ್ಕ್ರಿಪ್ಟಿನಲ್ಲಿ '#12' ಎಂದು ಬರೆದರೆ ಅದು ಅಕ್ಷರವಾಗಿ ಮೂಡದೆ, ವಿಂಡೋಸ್ ಕೀಲಿಯ ಜೊತೆ 1 ಒತ್ತಿದಂತಾಗಿ ಟಾಸ್ಕ್‌ಬಾರಿನ ಮೊದಲ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಆಟೊಹಾಟ್‌ಕೀಯಲ್ಲಿ # ಎಂದರೆ ವಿಂಡೋಸ್ ಕೀಲಿ, ^ ಎಂದರೆ ಕಂಟ್ರೋಲ್, ! ಎಂದರೆ ಆಲ್ಟ್, + ಎಂದರೆ ಶಿಫ್ಟ್. ಮೊದಲೆರಡು ಕೋಲನ್‌ಗಳ ನಡುವೆ ಇಂಗ್ಲಿಷಿನ ಟಿ ಅಕ್ಷರ ಇಟ್ಟರೆ ಬರೆದದ್ದು ಬರೆದಂತೆಯೇ ಬರುತ್ತದೆ.

ಇದೇ ನಾಲ್ಕು ಚಿಹ್ನೆಗಳಿಂದ ಶಾರ್ಟ್‌ಕಟ್ ಕಟ್ಟಬಹುದು. ^!1:: ಎಂದು ಬರೆದು, ಅದೇ ಸಾಲಿನಲ್ಲಿ ರನ್ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಹಾಕಿ, ಒಂದು ಜಾಗ ಬಿಟ್ಟು, ಜೋಡಿ ಉದ್ಧರಣ ಚಿಹ್ನೆಗಳೊಳಗೆ ಫೋಲ್ಡರಿನ ಪೂರ್ತಿ ವಿಳಾಸ ಕೊಡಿ. ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದಾಗ ಆ ಫೋಲ್ಡರ್ ತೆರೆಯುತ್ತದೆ. 2ನೇ ಆವೃತ್ತಿಯಲ್ಲಿ ಈ ಉದ್ಧರಣ ಚಿಹ್ನೆಗಳನ್ನು ಬಿಡುವಂತಿಲ್ಲ. ಸೆಮಿಕೋಲನ್‌ನಿಂದ ಶುರುವಾಗುವ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ, ಯಾವ ಸಂಕೇತ ಯಾವುದಕ್ಕೆ ಎಂದು ಅಲ್ಲಿ ಬರೆದಿಡಿ.

ಸ್ಕ್ರಿಪ್ಟ್ ತಿದ್ದಿ ಸೇವ್ ಮಾಡಿದ ಮೇಲೆ ಹಸಿರು ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ 'ರೀಲೋಡ್' ಕೊಡಬೇಕು. 'ಬದಲಾಯಿಸಿದೆ, ಆದರೂ ಹಳೆಯದೇ ಬರುತ್ತಿದೆ' ಎನ್ನುವವರು ಮೊದಲು ಇದನ್ನೇ ನೋಡಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳಿಗೆ ಈ ಸಾಲುಗಳು ಹೊಂದುವುದಿಲ್ಲ, ಯೂನಿಕೋಡ್ ಕಡತವೇ ಬೇಕು. ಪಾಸ್‌ವರ್ಡನ್ನು ಮಾತ್ರ ಸಂಕೇತ ಮಾಡಿಟ್ಟುಕೊಳ್ಳಬೇಡಿ. ಸ್ಕ್ರಿಪ್ಟನ್ನು ಯಾರು ಬೇಕಾದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು.