ಸಾಗರಕ್ಕೆ ಜಪಾನ್ ಕೇಳಿಸುತ್ತೆ, ತೀರ್ಥಹಳ್ಳಿ ಕೇಳಿಸಲ್ಲ!

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಸಾಗರದಲ್ಲಿ ಒಬ್ಬರು ಹ್ಯಾಮ್ ಇದ್ದಾರೆ ಅಂದ್ಕೊಳ್ಳಿ. 14 ಮೆಗಾಹರ್ಟ್ಸ್‌ನಲ್ಲಿ ಅವರಿಗೆ ಜಪಾನ್ ಕೇಳಿಸುತ್ತೆ. ಆದರೆ ನೇರ ದೂರ ಸುಮಾರು 60 ಕಿ.ಮೀ. ಇರುವ ತೀರ್ಥಹಳ್ಳಿ ಕೇಳಿಸಲ್ಲ. ಯಾಕೆ?

ನೆಲದ ಮೇಲೆ ಸಾಗುವ ಅಲೆ ನಮ್ಮ ಗುಡ್ಡ, ಕಾಡು ದಾಟುವಷ್ಟರಲ್ಲಿ ಸೋತುಹೋಗುತ್ತೆ. ನೆಟ್ಟಗೆ ಮೇಲೆ ಹೋದದ್ದು ಬಹಳಷ್ಟು ಸಲ ಅಯಾನುಗೋಳವನ್ನು ತೂರಿಕೊಂಡು ಹೋಗಿಬಿಡುತ್ತೆ. ಓರೆಯಾಗಿ ಹೋದದ್ದು ಮಾತ್ರ ಬಾಗಿ, ನೂರಾರು ಕಿ.ಮೀ. ಆಚೆ ಇಳಿಯುತ್ತೆ. ನಡುವೆ ಉಳಿದ ಕಿವುಡು ಜಾಗಕ್ಕೆ ಸ್ಕಿಪ್ ಜೋನ್ ಅಂತಾರೆ.

ಅಯಾನುಗೋಳ ಗಂಟೆಗಂಟೆಗೂ ಬದಲಾಗುತ್ತೆ. ಹಾಗಾಗಿ ಯಾವ ದಾರಿ ಈಗ ತೆರೆದಿದೆ ಅಂತ ಹ್ಯಾಮ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ತಾರೆ. ಆ ಒಂದು ಸಾಲಿನ ವರದಿಯೇ ಸ್ಪಾಟ್. ಇವನ್ನು ಹಂಚುವ ಜಾಲ ಡಿಎಕ್ಸ್ ಕ್ಲಸ್ಟರ್. 1980ರ ದಶಕದಲ್ಲಿ ಇದು ಪ್ಯಾಕೆಟ್ ರೇಡಿಯೋ ಮೇಲೆ ಓಡ್ತಿತ್ತು, ಈಗ ಇಂಟರ್ನೆಟ್ ಮೇಲೆ.

ಸ್ಪಾಟ್‌ನಲ್ಲಿ ಐದು ಭಾಗ ಇರುತ್ತೆ:

1. ಕೇಳಿದವರ ಕಾಲ್‌ಸೈನ್
2. ಫ್ರೀಕ್ವೆನ್ಸಿ, ಕಿಲೋಹರ್ಟ್ಸ್‌ನಲ್ಲಿ
3. ಕೇಳಿಸಿದ ಸ್ಟೇಷನ್ನಿನ ಕಾಲ್‌ಸೈನ್
4. ಚಿಕ್ಕ ಟಿಪ್ಪಣಿ
5. ಸಮಯ, ಯುಟಿಸಿಯಲ್ಲಿ (1400 ಅಂದ್ರೆ ನಮಗೆ ಸಂಜೆ 7:30)

ಮೊದಲ ಸಲ ನೋಡಿದಾಗ ನಾವು ಎರಡು, ಮೂರನೇ ಭಾಗ ಮಾತ್ರ ಓದಿ ಮೋಸ ಹೋದ್ವಿ. ಮುಖ್ಯವಾದದ್ದು ಮೊದಲನೆಯದು. ಜರ್ಮನಿಯವರು ಜಪಾನ್ ಕೇಳಿದರೆ ತೆರೆದಿರೋದು ಆ ಎರಡು ದೇಶಗಳ ನಡುವಿನ ದಾರಿ, ನಮ್ಮದಲ್ಲ. ನಮಗೆ ಬೇಕಾದದ್ದು ವಿಯು2, ವಿಯು3 ಅಂತ ಶುರುವಾಗುವ ಭಾರತದ ಕಾಲ್‌ಸೈನ್‌ಗಳು, ಅಥವಾ ಪಕ್ಕದ ಶ್ರೀಲಂಕಾದ 4ಎಸ್.

2017ರಲ್ಲಿ ಬಂದ ಎಫ್‌ಟಿ8 ವಿಧಾನದಲ್ಲಿ ಈ ಕೆಲಸ ಇನ್ನೂ ಸುಲಭ. 15 ಸೆಕೆಂಡಿನ ಸರದಿಯಲ್ಲಿ ಸಂದೇಶ ಹೋಗುತ್ತೆ. ಯಾರ ಸಿಗ್ನಲ್ ಎಷ್ಟು ಡೆಸಿಬೆಲ್‌ನಲ್ಲಿ ಬಂತು ಅಂತ ಸಾಫ್ಟ್‌ವೇರೇ ಪಿಎಸ್‌ಕೆ ರಿಪೋರ್ಟರ್ ನಕ್ಷೆಗೆ ಕಳಿಸಬಹುದು. ಜಾಗ ಹೇಳೋಕೆ ಗ್ರಿಡ್ ಸಂಖ್ಯೆ ಇದೆ. ಒಂದು ಚೌಕ ಅಂದ್ರೆ 2 ಡಿಗ್ರಿ ರೇಖಾಂಶ, 1 ಡಿಗ್ರಿ ಅಕ್ಷಾಂಶ. 14 ಡಿಗ್ರಿ ಉತ್ತರ ಅಕ್ಷಾಂಶ ಸಾಗರಕ್ಕೂ ಹೊಸನಗರಕ್ಕೂ ಮಧ್ಯೆ ಹಾದುಹೋಗುತ್ತೆ. ಹಾಗಾಗಿ ಸಾಗರ ಎಂಕೆ74, ಹೊಸನಗರ ಮತ್ತು ತೀರ್ಥಹಳ್ಳಿ ಎಂಕೆ73!

ಈಗ ಮಳೆಗಾಲ ನೆನಪಿಸಿಕೊಳ್ಳಿ. ಮರ ಬಿದ್ದು ಕರೆಂಟ್ ಹೋಗಿದೆ, ಟವರ್ ಬ್ಯಾಟರಿ ಖಾಲಿ, ಮೊಬೈಲ್‌ನಲ್ಲಿ ಒಂದು ಕಡ್ಡಿಯೂ ಇಲ್ಲ. ಇಂಟರ್ನೆಟ್ ಇಲ್ಲದ ಮೇಲೆ ಕ್ಲಸ್ಟರ್ ಕೂಡ ನಮ್ಮ ಪಾಲಿಗೆ ಇಲ್ಲ. ಆಗ ಹ್ಯಾಮ್ ಕಾರ್ ಬ್ಯಾಟರಿಗೆ ರೇಡಿಯೋ ಸಿಕ್ಕಿಸಿ, ಹಗಲಲ್ಲಿ 7 ಮೆಗಾಹರ್ಟ್ಸ್‌ಗೆ ಇಳೀತಾರೆ. ಆಂಟೆನಾ ತಂತಿ ನೆಲಕ್ಕೆ ಹತ್ತಿರ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ, ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಇಳಿಯುತ್ತೆ. ಸಾಗರಕ್ಕೆ ತೀರ್ಥಹಳ್ಳಿ ಸಿಗೋದು ಹೀಗೆ.

ಆಗ ವರದಿ ಬಾಯಲ್ಲೇ: "ಐದು ಒಂಬತ್ತು" ಅಂದ್ರೆ ಮಾತು ಪೂರ್ತಿ ಸ್ಪಷ್ಟ, ಸಿಗ್ನಲ್ ಜೋರು. ಸ್ಪರ್ಧೆಗಳಲ್ಲಿ ಹೇಗೆ ಕೇಳಿಸಿದರೂ ಎಲ್ಲರಿಗೂ ಐದು ಒಂಬತ್ತು ಕೊಡೋದು ರೂಢಿ. ಆದರೆ ಔಷಧಿಯ ಹೆಸರು, ಊರಿನ ಹೆಸರು ದಾಟಿಸುವಾಗ ಈ ಮರ್ಯಾದೆ ಅಪಾಯ. ಅರ್ಧ ಕೇಳಿದರೆ ಅರ್ಧ ಕೇಳಿಸ್ತು ಅನ್ನಬೇಕು, ಮತ್ತೊಮ್ಮೆ ಹೇಳಿಸಬೇಕು.

ಪ್ರಸಾರ ಮಾಡೋಕೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೋಬೇಕು. ನಮ್ಮ ಸಿಲಬಸ್ ಓದಿದವರಿಗೆ ಅದು ಕಷ್ಟವೇನಲ್ಲ. ಬರೀರಿ. ಎಂಕೆ73, ಎಂಕೆ74ರಿಂದ ಕೇಳಿಸಿಕೊಂಡು ನಿಜ ಹೇಳುವವರು ಇನ್ನಷ್ಟು ಜನ ಬೇಕು.